ಬೋರಲು ಮಲಗಿದರೆ ಹೃದಯಕ್ಕೆ ಭಾರ ಬೀಳುತ್ತದೆಯೇ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾರೆ. ಎಚ್ಚರವಾಗಿದ್ದಾರೆ, ಮಾತಾಡುತ್ತಾರೆ, ಮೂಗಿಗೆ ಆಕ್ಸಿಜನ್ ಹಾಕಿದ್ದಾರೆ. ದಿನಕ್ಕೆ ನಾಲ್ಕೈದು ಸಲ ಬೋರಲು ಮಲಗಿಸುತ್ತಾರೆ. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೆವು. ಎದೆ ಒತ್ತಿ ಹೃದಯಕ್ಕೆ ತೊಂದರೆ ಆಗುವುದಿಲ್ಲವೇ?

ಉತ್ತರ: ಈ ಭಯ ತುಂಬಾ ಮನೆಯವರಿಗೆ ಬರುತ್ತದೆ. ಆದರೆ ಒತ್ತಡ ಬೀಳುವ ಜಾಗ ನೀವಂದುಕೊಂಡದ್ದಲ್ಲ.

ಅಂಗಾತ ಮಲಗಿದಾಗ ಹೃದಯದ ಭಾರ ಅದರ ಹಿಂದಿನ ಶ್ವಾಸಕೋಶದ ಮೇಲೆ ಬೀಳುತ್ತದೆ, ಅದರಲ್ಲೂ ಎಡಗಡೆಯದರ ಮೇಲೆ. ಬೋರಲಾದರೆ ಹೃದಯ ಎದೆಮೂಳೆಗೆ ಒರಗುತ್ತದೆ. ಬೆನ್ನಿನ ಕಡೆಯ ಶ್ವಾಸಕೋಶ ಅರಳುತ್ತದೆ. ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತಲೇ ಇರುತ್ತದೆ, ಈಗ ಗಾಳಿಯೂ ಸೇರುತ್ತದೆ.

ಇದರ ಲಾಭ ಹೃದಯದ ಬಲಭಾಗಕ್ಕೂ ಸಿಗಬಹುದು. ಶ್ವಾಸಕೋಶಕ್ಕೆ ರಕ್ತ ತಳ್ಳುವುದೇ ಅದರ ಕೆಲಸ ಅಲ್ವಾ? ಆಕ್ಸಿಜನ್ ಕಡಿಮೆಯಾದ ಕಡೆ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಆಗ ಬಲಭಾಗ ಜಾಸ್ತಿ ದುಡಿಯಬೇಕು. ಆಕ್ಸಿಜನ್ ಏರಿದರೆ ಬಿಗಿತ ಸಡಿಲವಾಗುತ್ತದೆ.

ಆದರೆ ಇದರ ಪುರಾವೆ ಹೆಚ್ಚಾಗಿ ವೆಂಟಿಲೇಟರ್‌ನಲ್ಲಿರುವ ರೋಗಿಗಳಿಂದ ಬಂದದ್ದು. ಫ್ರಾನ್ಸ್ ಮತ್ತು ಸ್ಪೇನ್‌ನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ 466 ಮಂದಿ ಇದ್ದರು. 28 ದಿನದೊಳಗಿನ ಸಾವು ಅಂಗಾತ ಮಲಗಿದವರಲ್ಲಿ ಸುಮಾರು 33%, ಬೋರಲು ಮಲಗಿದವರಲ್ಲಿ 16%. ಎಚ್ಚರವಾಗಿರುವವರ ಕಥೆ ಬೇರೆ. 2021ರಲ್ಲಿ ಆರು ದೇಶಗಳ 1,100ಕ್ಕೂ ಹೆಚ್ಚು ಕೋವಿಡ್ ರೋಗಿಗಳನ್ನು ನೋಡಿದಾಗ, ಎಚ್ಚರದಲ್ಲೇ ಬೋರಲು ಮಲಗಿದವರಿಗೆ ಗಂಟಲಿಗೆ ಟ್ಯೂಬ್ ಹಾಕುವ ಅಗತ್ಯ ಕಡಿಮೆಯಾಯಿತು. ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ನಾವೇ ಉಸಿರೆಳೆಯುವುದಕ್ಕೂ ಯಂತ್ರ ಗಾಳಿ ತಳ್ಳುವುದಕ್ಕೂ ಹೃದಯದ ಮೇಲಾಗುವ ಪರಿಣಾಮ ಒಂದೇ ಅಲ್ಲ. ಆದ್ದರಿಂದ ಅಲ್ಲಿನ ಲೆಕ್ಕವನ್ನು ಸುಮ್ನೆ ನಿಮ್ಮ ಅಪ್ಪನಿಗೆ ಹೊಂದಿಸಲು ನಾನು ಒಪ್ಪುವುದಿಲ್ಲ.

ನಿಜವಾಗಿ ಗಮನ ಕೊಡಬೇಕಾದ್ದು ಹೊಟ್ಟೆ. ಅದು ಹಾಸಿಗೆಗೆ ಒತ್ತಿಕೊಂಡರೆ ಕಾಲಿನಿಂದ ಮೇಲೆ ಬರುವ ದೊಡ್ಡ ರಕ್ತನಾಳ ಅಮುಕಿಕೊಳ್ಳುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಬಿಪಿ ಇಳಿಯಬಹುದು. ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ದಿಂಬಿಟ್ಟು ಹೊಟ್ಟೆ ಸಡಿಲವಾಗಿರುವಂತೆ ಮಾಡಲು ನರ್ಸ್‌ಗೆ ಕೇಳಿ. ಊಟವಾಗಿ ಒಂದು ಗಂಟೆಯಾದರೂ ಕಳೆದಿರಲಿ. ಇಸಿಜಿ ಸ್ಟಿಕ್ಕರ್‌ಗಳನ್ನು ಬೆನ್ನಿಗೆ ಅಂಟಿಸಿದರೆ ಗೆರೆಗಳು ಬೇರೆ ಥರ ಕಾಣುತ್ತವೆ, ಅದಕ್ಕೆ ಗಾಬರಿ ಬೇಡ.

2021ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕೊಟ್ಟ ಸಲಹೆಯಲ್ಲಿ, ಗಂಭೀರ ಹೃದಯ ಕಾಯಿಲೆ ಇದ್ದವರು ಬೋರಲು ಮಲಗಬಾರದು ಎಂದಿತ್ತು. ಅದು ಮನೆಯಲ್ಲಿ ತಾವೇ ಮಾಡಿಕೊಳ್ಳುವವರಿಗೆ ಹೇಳಿದ್ದು. ಹಳೆಯ ಸ್ಟೆಂಟ್ ಒಂದೇ ಕಾರಣಕ್ಕೆ ಆಸ್ಪತ್ರೆಯಲ್ಲಿ ಇದನ್ನು ಬಿಡಬೇಕಿಲ್ಲ. ಆದರೆ ಸ್ಟೆಂಟ್ ವಿಷಯ ಡಾಕ್ಟರಿಗೆ ಗೊತ್ತಿರಲೇಬೇಕು. ಹಳೆಯ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಮನೆಯಲ್ಲಿದ್ದರೆ ಇವತ್ತೇ ತಂದು ತೋರಿಸಿ. ಎದೆನೋವು, ತಲೆಸುತ್ತು, ಜಾಸ್ತಿ ಉಬ್ಬಸ ಬಂದರೆ ಕೂಡಲೇ ಮಗ್ಗುಲಿಗೆ ತಿರುಗುವಂತೆ ಅಪ್ಪನಿಗೆ ಹೇಳಿ, ನರ್ಸ್‌ನ್ನು ಕರೆಯಿರಿ.