ಪಿಕಪ್‌ಗೆ ಹಿಂದೆ ಡಬಲ್ ಟೈರು ಹಾಕಿಸಿದರೆ 80 ಕಲ್ಲು ಹೇರಬಹುದೇ?

ನೀವು ಕೇಳಿದ್ದು ಇಷ್ಟು: ಕೇರಳದ ಕಡೆಯ ಬದಿಯಡ್ಕದ ಹತ್ತಿರದ ಕೋರೆಯಿಂದ ಪೆರ್ಲ, ವಿಟ್ಲದ ಕಡೆಗೆ ಕೆಂಪುಕಲ್ಲು ಸಾಗಿಸುವ 1.7 ಟನ್ನಿನ ಪಿಕಪ್ ಇದೆ. ಹಿಂದೆ ಒಂದೊಂದು ಟೈರಿನ ಬದಲು ಎರಡೆರಡು ಹಾಕಿಸಿದರೆ 50 ಕಲ್ಲಿನ ಬದಲು 80 ಹೇರಬಹುದೇ? ಲೇತ್‌ನವರು ಸ್ಪೇಸರ್ (ರಿಮ್ಮುಗಳ ನಡುವೆ ಅಂತರ ಕೊಡುವ ದಪ್ಪ ಲೋಹದ ಬಿಲ್ಲೆ) ಮಾಡಿಕೊಡಲು ಸಿದ್ಧರಿದ್ದಾರೆ.

ಹಾಕಿಸಬೇಡಿ. ನಾಲ್ಕು ಟೈರು ಆ ಭಾರ ಹೊರುತ್ತವೆ, ಆಕ್ಸಲ್ ಹೊರುವುದಿಲ್ಲ.

15×9×8 ಇಂಚಿನ ಕಲ್ಲು ಒಂದಕ್ಕೆ ಸುಮಾರು 35 ಕೆಜಿ, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. 50 ಕಲ್ಲಿಗೆ 1,750 ಕೆಜಿ, ಅಂದರೆ ಈಗಲೇ ಮಿತಿಯನ್ನು 50 ಕೆಜಿ ದಾಟಿದೆ. 80 ಕಲ್ಲಿಗೆ 2,800. ಟೈರಿನ ಬದಿಯಲ್ಲಿ 106/104 ಎಂಬ ಭಾರದ ಸಂಕೇತವಿದ್ದರೆ ಮೊದಲ ಅಂಕಿ ಒಂಟಿಯಾಗಿ ಹಾಕಿದಾಗಿನದು, 950 ಕೆಜಿ. ಎರಡನೆಯದು ಜೋಡಿಯಾಗಿ ಹಾಕಿದಾಗಿನದು, 900 ಕೆಜಿ. ಹಾಗಾಗಿ ಹಿಂದಿನ ಟೈರುಗಳ ಶಕ್ತಿ 1,900ರಿಂದ 3,600 ಕೆಜಿಗೆ ಏರುತ್ತದೆ. ಎಲ್ಲರೂ ಮೋಸಹೋಗುವುದು ಈ ಲೆಕ್ಕಕ್ಕೇ. ಹೌಸಿಂಗ್ (ಆಕ್ಸಲಿನ ಹೊರಕೊಳವೆ), ಶಾಫ್ಟ್ (ಅದರೊಳಗೆ ಚಕ್ರ ತಿರುಗಿಸುವ ಸರಳು), ಬೇರಿಂಗ್, ಚಾಸಿ, ಬ್ರೇಕ್ ಯಾವುದೂ ಒಂದು ಕೆಜಿಯಷ್ಟೂ ಗಟ್ಟಿಯಾಗಿಲ್ಲ. ಮೇಲಾಗಿ ಹೆಚ್ಚುವರಿ ರಿಮ್ಮು, ಟೈರು, ಸ್ಪೇಸರ್ ಸೇರಿ 50–60 ಕೆಜಿ ಗಾಡಿಗೇ ಕೂಡುತ್ತದೆ. ಆರ್‌ಸಿಯ ಒಟ್ಟು ತೂಕ ಅಷ್ಟೇ ಇರುವುದರಿಂದ ನಿಮಗೆ ಒಂದೂವರೆ ಕಲ್ಲು ನಷ್ಟ.

ಹಿಂದಿನ ಚಕ್ರದ ಹಬ್ (ನಟ್ಟು ಬಿಗಿಯುವ ನಡುಭಾಗ) ಒಮ್ಮೆ ನೋಡಿ. ನಡುವಿನಲ್ಲಿ ಟೋಪಿಯಂತೆ ಹೊರಚಾಚಿದ ಫ್ಲ್ಯಾಂಜ್ (ಶಾಫ್ಟಿನ ತುದಿಯ ಚಪ್ಪಟೆ ಬಿಲ್ಲೆ), ಅದರ ಸುತ್ತ ಆರೆಂಟು ಸಣ್ಣ ಬೋಲ್ಟ್ ಇದ್ದರೆ ಅದು ಫುಲ್ ಫ್ಲೋಟಿಂಗ್. ಗಾಡಿಯ ಭಾರವನ್ನು ಹೌಸಿಂಗ್ ಹೊರುತ್ತದೆ, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಟಾಟಾ 407ರಲ್ಲಿ ಇರುವುದು ಇದೇ. ಅದಿಲ್ಲದೆ ಚಕ್ರ ನೇರ ಶಾಫ್ಟಿನ ತುದಿಯ ಫ್ಲ್ಯಾಂಜಿಗೇ ಬೋಲ್ಟ್ ಆಗಿದ್ದರೆ ಸೆಮಿ ಫ್ಲೋಟಿಂಗ್. ಅಲ್ಲಿ ಭಾರವನ್ನೂ ಶಾಫ್ಟೇ ಹೊರಬೇಕು. ಇಂಥದ್ದಕ್ಕೆ ಡಬಲ್ ಹಾಕುವುದು ನಿಜಕ್ಕೂ ಅಪಾಯ. ಈಗ ಬೇರಿಂಗಿನಿಂದ ಟೈರಿನ ನಡುಗೆರೆಗೆ ಕೆಲವೇ ಸೆಂಟಿಮೀಟರ್ ದೂರ. ಡಬಲ್ ಮಾಡಿದರೆ ಹೊರಗಿನ ಟೈರು ಸುಮಾರು 225 ಮಿ.ಮೀ. ಆಚೆ ಹೋಗುತ್ತದೆ. ಒಳಗಿನದು ಪಂಕ್ಚರ್ ಆದಾಗ, ಅಥವಾ ಒಳಗಿನ ಚಕ್ರ ಹೊಂಡದ ಮೇಲಿದ್ದು ಹೊರಗಿನದು ಮಾತ್ರ ನೆಲಕ್ಕೆ ತಾಗಿದಾಗ ಆ ಬದಿಯ ಪೂರ್ತಿ ಭಾರ ಅದೊಂದರ ಮೇಲೆ. 1,000 ಕೆಜಿ ಅಂದುಕೊಂಡರೂ ಬೇರಿಂಗಿನ ಬುಡದಲ್ಲಿ 225 ಕೆಜಿ-ಮೀಟರ್ ಬಾಗುವ ಒತ್ತಡ ಹೊಸದಾಗಿ ಸೇರಿತು. ಮೊದಲು ಬೇರಿಂಗ್ ಗುರುಗುಟ್ಟುತ್ತದೆ, ಆಮೇಲೆ ಸೀಲ್ ಹೋಗಿ ಎಣ್ಣೆ ಡ್ರಮ್ಮಿಗಿಳಿದು ಬ್ರೇಕ್ ಶೂ ನೆನೆಯುತ್ತದೆ, ಕೊನೆಗೆ ಶಾಫ್ಟ್ ತುಂಡಾದರೆ ಚಕ್ರ ಡ್ರಮ್ಮಿನ ಸಮೇತ ಹೊರಬರುತ್ತದೆ.

ರಿಮ್ಮಿನ ಸಂಗತಿ ಲೇತ್‌ನವರು ಹೇಳಿರಲಾರರು. ಎರಡು ರಿಮ್ಮುಗಳನ್ನು ಡಿಸ್ಕಿಗೆ ಡಿಸ್ಕ್ (ನಟ್ಟು ಕೂರುವ ತಟ್ಟೆ) ತಾಗಿಸಿ ಕೂರಿಸಿದರೆ ಎರಡು ಟೈರಿನ ನಡುಗೆರೆಗಳ ಅಂತರ ರಿಮ್ಮಿನ ಆಫ್‌ಸೆಟ್‌ನ (ರಿಮ್ಮಿನ ನಡುಗೆರೆಯಿಂದ ಆ ತಟ್ಟೆಗಿರುವ ದೂರ) ಎರಡರಷ್ಟು. ಆಫ್‌ಸೆಟ್ 30 ಮಿ.ಮೀ. ಇದ್ದರೆ ಅಂತರ ಬರೀ 60. 195 ಅಗಲದ ಟೈರು ಅಲ್ಲಿ ಹಿಡಿಸುವುದೇ ಇಲ್ಲ. ಭಾರ ಬಿದ್ದಾಗ ಟೈರಿನ ಹೊಟ್ಟೆ ಉಬ್ಬುತ್ತದೆ, ಆಗಲೂ ನಡುವೆ 25–30 ಮಿ.ಮೀ. ಸಂದು ಉಳಿಯಬೇಕು. ಅದಕ್ಕೆ ಸುಮಾರು 112 ಆಫ್‌ಸೆಟ್‌ನ ಆಳ ತಟ್ಟೆಯ ರಿಮ್ಮೇ ಬೇಕು. ಆ ಕೊರತೆ ತುಂಬಲಿಕ್ಕೆ 150 ಮಿ.ಮೀ.ಗೂ ದಪ್ಪದ ಸ್ಪೇಸರ್ ಇಟ್ಟರೆ ನಟ್ಟು ಸಡಿಲವಾಗುವುದೂ ಸ್ಟಡ್ ಕಡಿಯುವುದೂ ಖಂಡಿತ. ಅಮೆರಿಕದ ಫೋರ್ಡ್ ಎಫ್-350 ಒಂಟಿ, ಜೋಡಿ ಎರಡೂ ಬಗೆಯಲ್ಲಿ ಬರುತ್ತದೆ. ಒಂಟಿಯದರ ಸ್ಟಡ್ ವೃತ್ತ (ಸ್ಟಡ್‌ಗಳು ಕೂರುವ ಸುತ್ತಿನ ವ್ಯಾಸ) 170 ಮಿ.ಮೀ., ಜೋಡಿಯದರದ್ದು 200. ಕಂಪೆನಿಯೇ ಹಿಂದಿನ ರಿಮ್ಮನ್ನೂ ಹಬ್ಬನ್ನೂ ಬೇರೆ ಕೊಡುತ್ತದೆ, ಜೋಡಿ ಟೈರಿನ ನಡುವೆ ಸ್ಪೇಸರ್ ತುರುಕುವುದಿಲ್ಲ.

ಕಾನೂನು ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದು ಕೇರಳದ್ದೇ ಪ್ರಕರಣದಲ್ಲಿ. ಓವರ್‌ಲೋಡಿಗೆ ಕಾಯ್ದೆ ಹೇಳುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ನೀವು ರಾಜ್ಯದ ಗಡಿಯ ಸಾರಡ್ಕ ದಾಟಿ ಹೋಗುವವರು, ಎರಡೂ ರಾಜ್ಯದವರು ಹಿಡಿಯಬಹುದು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಆ ಸ್ಪೇಸರನ್ನೇ.

ನಿಮ್ಮ ತೊಂದರೆ ಏರಿನಲ್ಲಿ ಹಿಂಬದಿ ಓಲಾಡುವುದು, ಟೈರು ಬಿಸಿಯಾಗುವುದು ಮಾತ್ರವಾದರೆ ದಾರಿ ಸುಲಭ. ಮಿತಿಯೊಳಗೆ ಬರುವ 48 ಕಲ್ಲು ಮಲಗಿಸಿ ಹಾಸಿದರೆ 45 ಚದರಡಿ, ಅಂದರೆ 9×5.5 ಅಡಿಯ ಬಾಡಿಯಲ್ಲಿ ಹೆಚ್ಚುಕಮ್ಮಿ ಒಂದು ಪದರ. ಆ ಒಂದು ಪದರವೇ ನಿಮ್ಮ ಮಿತಿ, ಅಳತೆಗೋಲೂ ಅದೇ. ಕ್ಯಾಬಿನ್ನಿನ ಕಡೆಯಿಂದ ಹಾಸುತ್ತಾ ಬನ್ನಿ. ಇಳಿಸಲು ಸುಲಭ ಅಂತ ಹಿಂಬಾಗಿಲ ಹತ್ತಿರ ಎರಡು ಪದರ ಪೇರಿಸಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ, ಕಂಪೆನಿ ಫಲಕದಲ್ಲಿರುವಷ್ಟು ಹಿಡಿಯಿರಿ. ಹಿಂದಿನ ಸ್ಪ್ರಿಂಗಿಗೆ ಪ್ಲೇಟು ಸೇರಿಸುವ ಮೊದಲು ಯೋಚಿಸಿ. ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಯಲ್ಲಿ ಆ ವಾಲ್ವ್ ಭಾರ ಅಳೆಯುವುದು ಬಾಡಿ ಎಷ್ಟು ಕುಗ್ಗಿದೆ ಎಂಬುದರಿಂದ. ಪ್ಲೇಟು ಗಟ್ಟಿ ಮಾಡಿದರೆ ಗಾಡಿ ಕುಗ್ಗದು, ಖಾಲಿ ಇದೆ ಎಂದೆಣಿಸಿ ವಾಲ್ವ್ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ತುಂಬಿದ ಗಾಡಿ ಇಳಿಜಾರಿನಲ್ಲಿ ಹೀಗಾಗಬಾರದು ಮಾರಾಯ್ರೆ.

ದಿನಾ 80 ಕಲ್ಲಿನ ಬಾಡಿಗೆ ಖಾತ್ರಿ ಇದ್ದರೆ ಕಂಪೆನಿಯಿಂದಲೇ ಆರು ಟೈರಿನೊಂದಿಗೆ ಬಂದ ಹಳೆಯ 407 ಅಥವಾ ಅಂಥದ್ದೇ ಗಾಡಿ ನೋಡಿ. ಆರ್‌ಸಿಯಲ್ಲಿ ಒಟ್ಟು ತೂಕದಿಂದ ಖಾಲಿ ತೂಕ ಕಳೆದು ಉಳಿದದ್ದು 2,800 ಕೆಜಿಗಿಂತ ಮೇಲಿರಲಿ. ನೋಡಲು ಹೋದಾಗ ಹಿಂದಿನ ಜೋಡಿ ಟೈರುಗಳ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿಯಿರಿ. ವ್ಯತ್ಯಾಸ 19 ಮಿ.ಮೀ. ದಾಟಬಾರದು. ದಾಟಿದರೆ ಎರಡರ ಉರುಳುವಿಕೆ ಹೊಂದದೆ ಕಿಲೋಮೀಟರಿಗೆ ಏಳೆಂಟು ಮೀಟರಿಗೂ ಹೆಚ್ಚು ಉಜ್ಜಾಟ ಆಗುತ್ತದೆ, ದೊಡ್ಡದರ ಮೇಲೆ ಭಾರವೂ ಹೆಚ್ಚು ಬೀಳುತ್ತದೆ. ಒಳಟೈರಿನ ವಾಲ್ವ್ ಹೊರಗಿನಿಂದ ಕೈಗೆಟಕುತ್ತದೆಯೇ ನೋಡಿ, ಇಲ್ಲದಿದ್ದರೆ ಉದ್ದದ ವಾಲ್ವ್ ಹಾಕಿಸಿ. ಎರಡು ಟೈರಿನ ನಡುವೆ ಟಾರ್ಚ್ ಬಿಡಿ. ಕೋರೆಯಲ್ಲಿ ಓಡಿದ ಗಾಡಿಯಾದರೆ ಅಲ್ಲಿ ಸಿಕ್ಕಿಕೊಂಡ ಕಲ್ಲಿನ ಚೂರು ಒಳಬದಿಯ ಗೋಡೆಯನ್ನು ಕೊರೆದಿರುತ್ತದೆ, ಹೊರಗೆ ನಿಂತವರಿಗೆ ಅದು ಕಾಣುವುದಿಲ್ಲ.