ಕಾರವಾರದಲ್ಲಿ ಕ್ರಿಕೆಟ್ ಮೇಲೆ ಬೆಟ್ ಕಟ್ಟಬಹುದೇ? ಗಡಿ ದಾಟಿ ಗೋವಾಕ್ಕೆ ಹೋದರೆ?

ಎರಡೂ ಕಡೆ ಆಗದು. ಗೋವಾದ ಕ್ಯಾಸಿನೊ ಪರವಾನಗಿ ಇರುವುದು ಟೇಬಲ್ ಮತ್ತು ಸ್ಲಾಟ್ ಆಟಗಳಿಗೆ. ಪೋಳೆಂ ಚೆಕ್‌ಪೋಸ್ಟ್ ದಾಟಿದ ಮಾತ್ರಕ್ಕೆ ಐಪಿಎಲ್ ಬೆಟ್ ಸಕ್ರಮವಾಗದು. ಬೆಟ್ಟಿಂಗ್ ಆ್ಯಪ್‌ಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದೇಶವಿಡೀ ನಿಷೇಧಿಸಿದೆ: ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ವಾಟ್ಸ್‌ಆ್ಯಪಿನಲ್ಲಿ ಯಾರದೋ ಯುಪಿಐ ಕೊಟ್ಟು ‘ಹಾಕಿ’ ಅಂದರೆ ದಯವಿಟ್ಟು ಹಾಕಬೇಡಿ. ಅಂಥವು ಹೆಚ್ಚಾಗಿ ಬಾಡಿಗೆ ಖಾತೆಗಳು, ಅಂದರೆ ಬೇರೆಯವರ ಹೆಸರಲ್ಲಿದ್ದು ದಂಧೆಯವರು ಬಳಸುವ ಬ್ಯಾಂಕ್ ಖಾತೆಗಳು. ಪೊಲೀಸರು ಅವನ್ನು ತಡೆಹಿಡಿದರೆ ಹಣ ಕಳಿಸಿದ ನಿಮ್ಮ ಖಾತೆಯೂ ಸಿಕ್ಕಿಬೀಳಬಹುದು.

ಕರ್ನಾಟಕದಲ್ಲಿ ಕ್ರೀಡೆಯ ಬೆಟ್‌ಗಳ ಪೈಕಿ ಕಾನೂನು ಒಪ್ಪುವುದು ಕುದುರೆ ರೇಸ್ ಒಂದನ್ನು; 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೌಶಲದ ಆಟ ಎಂದಿತು. ಬೆಂಗಳೂರು ಇಲ್ಲವೇ ಮೈಸೂರಿನ ರೇಸ್ ಕೋರ್ಸ್‌ಗೇ ಹೋಗಬೇಕು. ಟೋಟ್ ಕಿಟಕಿಯಲ್ಲಿ (ಬೆಟ್ ಟಿಕೆಟ್ ಕೊಡುವ ಕೌಂಟರ್) ರೇಸ್ ನಂಬರ್, ಕುದುರೆ ನಂಬರ್, ವಿನ್ನೋ (ಮೊದಲು ಬರಬೇಕು) ಪ್ಲೇಸೋ (ಮೊದಲ ಕೆಲವು ಸ್ಥಾನಗಳಲ್ಲಿ ಬಂದರೆ ಸಾಕು), ಮೊತ್ತ ಎಷ್ಟು ಎಂದು ಹೇಳಿ. ಕಿಟಕಿ ಬಿಡುವ ಮುಂಚೆಯೇ ಟಿಕೆಟ್ ಓದಿ. ನಂಬರ್ ತಪ್ಪಿದ್ದರೆ ಓಟ ಶುರುವಾದ ಮೇಲೆ ತಿದ್ದಲಾಗದು.