ಪ್ಯಾನ್‌ಕೇಕ್ ಉಬ್ಬಬೇಕಾದರೆ ದೋಸೆಯ ರೂಢಿ ಬಿಡಿ

ಪ್ರಶ್ನೆ: ಮಕ್ಕಳು ದಪ್ಪನೆಯ ಅಮೆರಿಕನ್ ಪ್ಯಾನ್‌ಕೇಕ್ ಬೇಕು ಅನ್ನುತ್ತಾರೆ. ಮೈದಾ, ಹಾಲು, ಮೊಟ್ಟೆ, ಬೇಕಿಂಗ್ ಪೌಡರ್ ಹಾಕಿ ಗಂಟಿಲ್ಲದಂತೆ ಚೆನ್ನಾಗಿ ಕಲಸುತ್ತೇನೆ. ಆದರೂ ರಬ್ಬರ್ ಥರ ಆಗುತ್ತದೆ. ಮೇಲೆ ಸೀದು ಹೋಗಿ, ಒಳಗೆ ಹಸಿಯಾಗಿಯೇ ಇರುತ್ತದೆ. ಪ್ಯಾಕೆಟ್ ಮಿಕ್ಸ್ ತರುವುದೇ ವಾಸಿಯಾ ಮೇಡಂ?
– ಓದುಗರು, ದಾವಣಗೆರೆ

ಉತ್ತರ: ಮಿಕ್ಸ್ ಬೇಡವೇ ಬೇಡ. ಅಮೆರಿಕದ ಮಿಸ್ಸೌರಿಯಲ್ಲಿ 1889ರಲ್ಲೇ ಇಂಥ ಮಿಕ್ಸ್ ಬಂದಿತ್ತು. ಇವತ್ತಿಗೂ ಅದರಲ್ಲಿ ಇರುವುದು ಮುಖ್ಯವಾಗಿ ಹಿಟ್ಟು, ಉಪ್ಪು, ಸಕ್ಕರೆ ಮತ್ತು ಉಬ್ಬಿಸುವ ಪುಡಿ. ಎಲ್ಲವೂ ನಿಮ್ಮ ಮನೆಯಲ್ಲೇ ಇವೆ.

ತೊಂದರೆ ಇರುವುದು ‘ಚೆನ್ನಾಗಿ ಕಲಸುತ್ತೇನೆ’ ಅಂದಿರಲ್ಲ, ಅಲ್ಲಿ. ಬೆಣ್ಣೆದೋಸೆಯ ಊರಿನವರು ನೀವು. ದೋಸೆ ಹಿಟ್ಟನ್ನು ಎಷ್ಟು ತಿರುವಿದರೂ ಕೆಡುವುದಿಲ್ಲ, ಏಕೆಂದರೆ ಅಕ್ಕಿಯಲ್ಲೂ ಉದ್ದಿನಲ್ಲೂ ಗ್ಲುಟೆನ್ ಇಲ್ಲ. ಮೈದಾದಲ್ಲಿ ಇದೆ. ತಿರುವಿದಷ್ಟೂ ಅದು ಎಳೆ ಎಳೆಯಾಗಿ ಬಿಗಿಯುತ್ತದೆ. ಚಪಾತಿ ಹಿಟ್ಟಿಗೆ ಆ ಬಿಗಿ ಬೇಕು, ಪ್ಯಾನ್‌ಕೇಕ್‌ಗೆ ಬೇಡ.

ಅಳತೆ ಹೀಗಿರಲಿ. 1 ಕಪ್ ಮೈದಾ, 1 ದೊಡ್ಡ ಚಮಚ ಸಕ್ಕರೆ, 1 ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಇನ್ನೊಂದು ಪಾತ್ರೆಯಲ್ಲಿ ಅರ್ಧ ಕಪ್ ಮೊಸರು, ಅರ್ಧ ಕಪ್ ಹಾಲು, 1 ಮೊಟ್ಟೆ, 2 ದೊಡ್ಡ ಚಮಚ ಕರಗಿಸಿದ ಬೆಣ್ಣೆ.

ಮೊಸರು ಯಾಕೆ ಅಂದರೆ, ಅಮೆರಿಕದವರು ಬಟರ್‌ಮಿಲ್ಕ್ ಹಾಕುತ್ತಾರೆ. ಅದು ನಮ್ಮ ನೀರು ಮಜ್ಜಿಗೆಯಲ್ಲ, ಗಟ್ಟಿ ಮತ್ತು ಹುಳಿ. ಮೊಸರಿಗೆ ಹಾಲು ಬೆರೆಸಿದರೆ ಅದಕ್ಕೆ ತುಂಬಾ ಹತ್ತಿರ ಬರುತ್ತದೆ. ಸೋಡಾ ಉಬ್ಬಿಸಬೇಕಾದರೆ ಈ ಹುಳಿ ಬೇಕೇ ಬೇಕು. ಆದರೆ ಸೋಡಾ ಜಾಸ್ತಿ ಹಾಕಬೇಡಿ, ಸೋಪಿನ ರುಚಿ ಬರುತ್ತದೆ. ಬೇಕಿಂಗ್ ಪೌಡರ್ ಹಳೆಯದೇನೋ ಅನ್ನಿಸಿದರೆ ಬಿಸಿನೀರಿಗೆ ಸ್ವಲ್ಪ ಉದುರಿಸಿ ನೋಡಿ. ನೊರೆ ಬರದಿದ್ದರೆ ಹೊಸದು ತನ್ನಿ.

ಪುಡಿಗಳ ಮೇಲೆ ಮೊಸರಿನ ಮಿಶ್ರಣ ಸುರಿದು, ಒಣಹಿಟ್ಟು ಕಾಣದಂತೆ ಆದ ಕೂಡಲೇ ಕೈ ನಿಲ್ಲಿಸಿ. ಸಣ್ಣ ಗಂಟುಗಳು ಇರಲಿ, ಬೇಯುವಾಗ ಕರಗಿ ಹೋಗುತ್ತವೆ. ಹಿಟ್ಟು ಸೌಟಿನಿಂದ ನಿಧಾನವಾಗಿ ಜಾರುವಷ್ಟು ಗಟ್ಟಿಯಿರಬೇಕು. ಹತ್ತು ನಿಮಿಷ ಹಾಗೇ ಬಿಡಿ. ಅದಕ್ಕಿಂತ ತುಂಬಾ ಹೊತ್ತು ಇಡಬೇಡಿ, ರಾತ್ರಿಯಿಡೀ ಅಂತೂ ಬೇಡ. ಇದು ಹುದುಗುವ ಹಿಟ್ಟಲ್ಲ. ಕಲಸಿದ ಕ್ಷಣದಿಂದಲೇ ಗಾಳಿಗುಳ್ಳೆ ಹುಟ್ಟುತ್ತವೆ, ಇಟ್ಟಷ್ಟೂ ಹೊರಟು ಹೋಗುತ್ತವೆ.

ಇನ್ನು ಸೀಯುವ ವಿಚಾರ. ದೋಸೆಗೆ ಕಾಯಿಸುವಷ್ಟು ಕಾವಲಿ ಕಾಯಿಸಿದರೆ ಇದು ಸೀದೇ ಸೀಯುತ್ತದೆ. ದಪ್ಪ ಇದೆ, ಸಕ್ಕರೆ ಬೇರೆ ಇದೆ. ಉರಿ ಸಣ್ಣದಕ್ಕಿಂತ ತುಸು ಹೆಚ್ಚಿರಲಿ, ಸಾಕು. ಸವರುವುದಕ್ಕೆ ಬೆಣ್ಣೆ ಬೇಡ, ಬೇಗ ಕಪ್ಪಾಗುತ್ತದೆ. ಎಣ್ಣೆ ಅಥವಾ ತುಪ್ಪ ತೆಳ್ಳಗೆ ಸವರಿ. ಕಾಲು ಕಪ್ ಹಿಟ್ಟು ಹುಯ್ದು ಸುಮ್ನೆ ಬಿಡಿ, ಸೌಟಿನಲ್ಲಿ ಹರಡಬೇಡಿ. ಮೇಲೆ ಗುಳ್ಳೆ ಎದ್ದು ಒಡೆದು, ತೂತು ಹಾಗೇ ಉಳಿದು, ಅಂಚು ಒಣಗಿದಾಗ ಒಂದೇ ಸಲ ಮೊಗಚಿ ಹಾಕಿ. ದಯವಿಟ್ಟು ಮೇಲಿಂದ ಒತ್ತಬೇಡಿ! ಅಷ್ಟು ಹೊತ್ತು ಕೂಡಿಟ್ಟ ಗಾಳಿಯೆಲ್ಲ ಹೋಗಿಬಿಡುತ್ತದೆ.

ಮೇಪಲ್ ಸಿರಪ್ ದುಬಾರಿ ಅನ್ನಿಸಿದರೆ ಮಲೆನಾಡಿನ ಜೋನಿ ಬೆಲ್ಲ ಸುರಿಯಿರಿ. ಬೆಣ್ಣೆಯ ಜೊತೆ ನನಗಂತೂ ಅದೇ ಹೆಚ್ಚು ಇಷ್ಟ.

ಪ್ರಶ್ನೆ: ಮೊಟ್ಟೆ ಇಲ್ಲದೆ, ಗೋಧಿಹಿಟ್ಟಿನಲ್ಲಿ ಆಗುತ್ತದಾ?
– ಓದುಗರು, ಶಿರಸಿ

ಉತ್ತರ: ಖಂಡಿತ ಆಗುತ್ತದೆ. ಒಂದು ಮೊಟ್ಟೆಯ ಬದಲು ಕಾಲು ಕಪ್‌ನಷ್ಟು ಕಳಿತ ಬಾಳೆಹಣ್ಣು ಕಿವುಚಿ ಹಾಕಿ, ಸಕ್ಕರೆ ಕಡಿಮೆ ಮಾಡಿ. ಗೋಧಿಹಿಟ್ಟು ನೀರು ಜಾಸ್ತಿ ಹೀರುವುದರಿಂದ ಎರಡು ಮೂರು ಚಮಚ ಹಾಲು ಹೆಚ್ಚಿಗೆ ಬೇಕು. ಮೈದಾದಷ್ಟು ಉಬ್ಬುವುದಿಲ್ಲ. ಮೊದಲ ಸಲ ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ಹಾಕಿ ಮಾಡಿ ನೋಡಿ.